ಅಂಗಡಿಯ ಹೊಸ್ತಿಲು, ತೆರಿಗೆಯ ಹೊಸ್ತಿಲು

ಮುಂಬಯಿಯಲ್ಲಿ ಹೊಸದಾಗಿ ಅಂಗಡಿಯಿಟ್ಟ ನಮ್ಮವರು ಸಂಘಕ್ಕೆ ಬಂದಾಗ ತಪ್ಪದೆ ಕೇಳುವ ಪ್ರಶ್ನೆಯೊಂದುಂಟು: ಮಾರಾಟ ತೆರಿಗೆಗೆ ಹೆಸರು ನೋಂದಿಸುವುದು ಯಾವಾಗ? ಆ ತೆರಿಗೆಗೆ ಈಗ ಜಿ.ಎಸ್.ಟಿ. ಎಂದು ಹೆಸರು. ಆದರೂ ಹಳಬರ ಬಾಯಲ್ಲಿ ಅದು ಇನ್ನೂ ಸೇಲ್ಸ್ ಟ್ಯಾಕ್ಸೇ. ಕೇಳಿದವರಿಗೆ ಒಂದು ಅಂಕಿಯನ್ನು ಹೇಳಿ ಕಳುಹಿಸುವುದು ಸುಲಭ. ನಾವೂ ಅನೇಕ ಸಲ ಹಾಗೆಯೇ ಮಾಡಿದ್ದೇವೆ. ಆದರೆ ಆ ಅಂಕಿಯ ಹಿಂದೆ ಎಂಬತ್ತು ವರ್ಷಗಳಿಗೂ ಮಿಕ್ಕ ಚರಿತ್ರೆಯಿದೆ. ಅದನ್ನರಿಯದೆ ಅಂಕಿಯೊಂದನ್ನೇ ನಂಬಿ ನಡೆದವರು ಕೈ ಸುಟ್ಟುಕೊಂಡುದನ್ನು ಕಂಡ ಮೇಲೆ ಇದನ್ನು ಬರೆಯಬೇಕೆನಿಸಿತು.

ಸರಕಿನ ಮಾರಾಟದ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಪ್ರಾಂತಗಳಿಗೆ ಕೊಟ್ಟುದು 1935ರ ಭಾರತ ಸರಕಾರದ ಕಾನೂನು. 1938ರಲ್ಲಿ ಮಧ್ಯಪ್ರಾಂತದವರು ಪೆಟ್ರೋಲಿನ ಮೇಲೆ ಅದನ್ನು ಪ್ರಯೋಗಿಸಿದರು. ಆದರೆ ಸಾಮಾನ್ಯವಾಗಿ ಎಲ್ಲ ವ್ಯಾಪಾರಕ್ಕೂ ಅನ್ವಯಿಸುವ ತೆರಿಗೆಯನ್ನು ಮೊದಲು ತಂದುದು ಮದ್ರಾಸ್ ಪ್ರಾಂತ, 1939ರಲ್ಲಿ. ರಾಜಾಜಿಯವರ ಮಂತ್ರಿಮಂಡಲವು ಪಾನನಿರೋಧವನ್ನು ಕೈಗೊಂಡಿದ್ದಿತು. ಅದರಿಂದ ಅಬಕಾರಿಯ ಆದಾಯ ಕುಗ್ಗಿತು. ಆ ಕೊರತೆಯನ್ನು ತುಂಬಲು ಶೇಕಡಾ ಅರ್ಧದ ಈ ತೆರಿಗೆ ಬಂದಿತು. ಸೇಂದಿಯಂಗಡಿ ಮುಚ್ಚಿದ್ದಕ್ಕೆ ಜೀನಸಿನ ಅಂಗಡಿಯವನು ಹಣ ತೆರಬೇಕಾದುದು ವಿನೋದವೆಂದು ತೋರಬಹುದು, ತೆತ್ತವರಿಗೆ ಮಾತ್ರ ಹಾಗೆ ತೋರಿರಲಾರದು. ದಕ್ಷಿಣ ಕನ್ನಡವೂ ಬಳ್ಳಾರಿಯೂ ಆಗ ಮದ್ರಾಸಿಗೆ ಸೇರಿದ್ದುವಷ್ಟೆ. ಆದುದರಿಂದ ಕನ್ನಡ ವರ್ತಕರಲ್ಲಿ ಈ ತೆರಿಗೆಯ ರುಚಿಯನ್ನು ಮೊದಲು ಕಂಡವರು ಮಂಗಳೂರು, ಬಳ್ಳಾರಿಗಳ ಕಡೆಯವರೇ.

ನಮ್ಮ ಮುಂಬಯಿಗೆ ಸಾರ್ವತ್ರಿಕ ಮಾರಾಟ ತೆರಿಗೆ ಬಂದುದು 1946ರಲ್ಲಿ. 1952ರಲ್ಲಿ ಅದರ ಸ್ಥಾನಕ್ಕೆ ಬೇರೊಂದು ಕಾನೂನು ಬಂದಿತು. ಆ 1952ರ ಕಾನೂನಿನಲ್ಲಿ ಸಾಮಾನ್ಯ ತೆರಿಗೆಗೆ ಇಟ್ಟ ಮಿತಿ ವರ್ಷಕ್ಕೆ 30,000 ರೂಪಾಯಿಗಳ ಮಾರಾಟ. ವಿಶೇಷ ಸರಕುಗಳೆಂದು ಪಟ್ಟಿಮಾಡಿದವುಗಳಿಗೆ ಮಿತಿ 5,000 ಮಾತ್ರ. 30,000ವನ್ನು ದಿನಗಳಿಗೆ ಹಂಚಿದರೆ ದಿನವೊಂದಕ್ಕೆ 82 ರೂಪಾಯಿ ಆಗುತ್ತದೆ. ಇಲ್ಲಿ ಒಂದು ಮಾತನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಈ 82 ರೂಪಾಯಿ ಲಾಭವಲ್ಲ, ಮಾರಾಟ. ಅಂಗಡಿಯವನಿಗೆ ಅದರಲ್ಲಿ ಉಳಿದುದೆಷ್ಟು, ನಷ್ಟವಾದುದೆಷ್ಟು ಎಂದು ಈ ತೆರಿಗೆ ಅಂದೂ ಕೇಳಲಿಲ್ಲ, ಇಂದೂ ಕೇಳುವುದಿಲ್ಲ. ಆದಾಯ ತೆರಿಗೆಯ ಲೆಕ್ಕವನ್ನು ಇದಕ್ಕೆ ಹೊಂದಿಸಿ, "ನನಗೇನೂ ಉಳಿಯುವುದೇ ಇಲ್ಲ, ನನಗೇತರ ನೋಂದಣಿ?" ಎನ್ನುವವರು ಇಂದಿಗೂ ಇದ್ದಾರೆ.

ಆ ಕಾನೂನನ್ನು ಹೆಚ್ಚಾಗಿ ಮೋಟಾರುಗಾಡಿ ವ್ಯಾಪಾರಿಗಳೇ ಸೇರಿ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಅಲ್ಲಿ ಗೆದ್ದರು, 1953ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವ ಸರಕಿಗೆ ತೆರಿಗೆ ಯಾರದು ಎಂಬ ಜಗಳವು ಹಲವು ವರ್ಷ ನಡೆದು, 1956ರ ಕೇಂದ್ರ ಮಾರಾಟ ತೆರಿಗೆಯ ಕಾನೂನಿನಿಂದ ಒಂದು ನೆಲೆಗೆ ಬಂದಿತು. ಅಂತರರಾಜ್ಯ ವ್ಯಾಪಾರಕ್ಕೆ ಆ ಕಾನೂನು ಕೆಳಮಿತಿಯನ್ನೇ ಇಡಲಿಲ್ಲ.

ಅದೇ 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ನಾಡು ಒಂದಾದರೂ ಅಂಗಡಿಯ ಲೆಕ್ಕ ಒಂದಾಗಲಿಲ್ಲ. ಹುಬ್ಬಳ್ಳಿಯವನು ಮುಂಬಯಿಯ ಕಾನೂನಿಗೂ, ಮಂಗಳೂರಿನವನು ಮದ್ರಾಸಿನ ಕಾನೂನಿಗೂ, ಕಲಬುರ್ಗಿಯವನು ಹೈದರಾಬಾದಿನದಕ್ಕೂ, ಬೆಂಗಳೂರಿನವನು 1948ರ ಮೈಸೂರು ಕಾನೂನಿಗೂ ಒಳಪಟ್ಟಿದ್ದರು. 1957ರ ಅಕ್ಟೋಬರ್ 1ರಂದು ಮೈಸೂರು ಮಾರಾಟ ತೆರಿಗೆಯ ಕಾನೂನು ಜಾರಿಗೆ ಬಂದ ಮೇಲೆಯೇ ಇವರೆಲ್ಲರಿಗೂ ಒಂದೇ ನಿಯಮವಾದುದು. ಏಕೀಕರಣದ ಕಥೆ ಹೇಳುವವರು ಈ ಹನ್ನೊಂದು ತಿಂಗಳನ್ನು ನೆನೆಯುವುದಿಲ್ಲ. ವಹಿ ಬರೆಯುವವರು ಮರೆತಿರಲಾರರು.

ಇನ್ನು ನಮ್ಮವರ ಮುಖ್ಯ ಉದ್ಯೋಗವಾದ ಹೋಟೆಲಿನ ಸಂಗತಿ. ತಟ್ಟೆಯಲ್ಲಿ ಇಡ್ಲಿಯಿಟ್ಟು ಕೊಡುವುದು ಮಾರಾಟವೋ, ಉಪಚಾರವೋ? ಕುಳಿತು ತಿನ್ನಲು ಮೇಜು, ಕುಡಿಯಲು ನೀರು, ಬಡಿಸಲು ಮಾಣಿ ಇವೆಲ್ಲ ಸೇರಿದ ಮೇಲೆ ಅದು ಕೇವಲ ಇಡ್ಲಿಯ ಕ್ರಯವಲ್ಲವೆಂಬುದು ಒಂದು ವಾದ. 1978ರಲ್ಲಿ ನಾರ್ದರ್ನ್ ಇಂಡಿಯಾ ಕೇಟರರ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ವಾದವನ್ನು ಒಪ್ಪಿತು. ಹೋಟೆಲಿನಲ್ಲಿ ಬಡಿಸಿದ ಊಟ ಮಾರಾಟವಲ್ಲ, ಅದಕ್ಕೆ ಮಾರಾಟ ತೆರಿಗೆಯೂ ಇಲ್ಲ. ಸಂತೋಷವು ಬಹುಕಾಲ ಉಳಿಯಲಿಲ್ಲ. 1982ರಲ್ಲಿ ಸಂವಿಧಾನಕ್ಕೆ ನಾಲ್ವತ್ತಾರನೆಯ ತಿದ್ದುಪಡಿಯಾಗಿ, ಬಡಿಸಿದ ಅನ್ನವೂ ಮಾರಿದ ಸರಕೆಂದೇ ಗಣನೆಗೆ ಬಂದಿತು. 2005ರ ಏಪ್ರಿಲ್ 1ರಂದು ಮಹಾರಾಷ್ಟ್ರದಲ್ಲಿ ವ್ಯಾಟ್ ಬಂದಾಗಲೂ ಅದು ಸರಕೇ. ಆಗ ಮಿತಿ ಸಾಮಾನ್ಯ ವ್ಯಾಪಾರಿಗೆ 5 ಲಕ್ಷ, ಹೊರಗಿನಿಂದ ನೇರವಾಗಿ ಸರಕು ತರಿಸುವವನಿಗೆ 1 ಲಕ್ಷ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದುದೇ ತಡ, ಇಡ್ಲಿ ಮತ್ತೆ ಸೇವೆಯಾಯಿತು. ಆದರೆ ಈ ಸಲ ತೆರಿಗೆಯುಳ್ಳ ಸೇವೆ!

ಇದು ವಕೀಲರ ಚಮತ್ಕಾರವೆಂದು ಬದಿಗಿಡುವಂತಿಲ್ಲ. ನೋಂದಣಿಯ ಮಿತಿ ಮೊದಲು ಬಹು ರಾಜ್ಯಗಳಲ್ಲಿ ಸರಕಿಗೂ ಸೇವೆಗೂ 20 ಲಕ್ಷವಿದ್ದಿತು. 2019ರ ಏಪ್ರಿಲ್ 1ರಿಂದ ಮಹಾರಾಷ್ಟ್ರ, ಕರ್ನಾಟಕ ಮುಂತಾದ ಬಹು ರಾಜ್ಯಗಳಲ್ಲಿ ಸರಕನ್ನು ಮಾತ್ರ ಮಾರುವವರಿಗೆ ಅದು 40 ಲಕ್ಷವಾಯಿತು. ಸೇವೆಗೆ 20 ಲಕ್ಷವೇ ಉಳಿಯಿತು. (ತೆಲಂಗಾಣ ಸರಕಿಗೂ 20 ಲಕ್ಷವನ್ನೇ ಇಟ್ಟುಕೊಂಡಿತು, ಹೈದರಾಬಾದಿನ ಬಂಧುಗಳು ಗಮನಿಸಬೇಕು.) ದಿನದ ಲೆಕ್ಕದಲ್ಲಿ ಮೊದಲನೆಯದು ಸುಮಾರು 11,000 ರೂಪಾಯಿ, ಎರಡನೆಯದು 5,500. ಸಣ್ಣ ಉಪಾಹಾರ ಗೃಹವೊಂದಕ್ಕೆ 5,500 ದೊಡ್ಡ ಮಾತಲ್ಲ.

ನಮಗೆ ಬಳಕೆಯಿರುವ ಹಿರಿಯರೊಬ್ಬರು ಬಹುಕಾಲ ಬೇರೆಯವರ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು, ಕಡೆಗೆ ಸ್ವಂತಕ್ಕೆ ಒಂದು ಮಳಿಗೆ ಹಿಡಿದರು. ತೆಂಗಿನಕಾಯಿ, ಹಪ್ಪಳ, ಉಪ್ಪಿನಕಾಯಿ, ಚಟ್ನಿಪುಡಿ ಇವು ಸರಕು. 40 ಲಕ್ಷದವರೆಗೆ ಚಿಂತೆಯಿಲ್ಲವೆಂದು ಯಾರೋ ಹೇಳಿದ್ದರು. ಆ ದಿನಕ್ಕೆ ಅದು ಸರಿಯೂ ಹೌದು. ಮಳೆಗಾಲದಲ್ಲಿ ಬಾಗಿಲ ಬಳಿ ಎರಡು ಮೇಜು ಹಾಕಿ ಕಾಫಿ, ಬನ್ಸ್, ಗೋಳಿಬಜೆ ಕೊಡತೊಡಗಿದರು. ಗಿರಾಕಿಗಳು ಮೆಚ್ಚಿದರು. ಅಂದಿನಿಂದ ಅವರು ಸರಕನ್ನು ಮಾತ್ರ ಮಾರುವವರಾಗಿ ಉಳಿಯಲಿಲ್ಲ, ಅವರ ಮಿತಿ 20 ಲಕ್ಷಕ್ಕೆ ಇಳಿಯಿತು. ತೆಂಗಿನಕಾಯಿಗೂ ಹಪ್ಪಳಕ್ಕೂ ತೆರಿಗೆಯಿಲ್ಲವೆಂದು ಅವುಗಳ ಮಾರಾಟವನ್ನು ಅವರು ಲೆಕ್ಕದಿಂದ ಬಿಟ್ಟಿದ್ದರು. ಅದೂ ತಪ್ಪೇ: ಬೇರೆ ತೆರಿಗೆಯ ಸರಕನ್ನೂ ಮಾರುವವನ ಒಟ್ಟು ವಹಿವಾಟಿನಲ್ಲಿ ತೆರಿಗೆಯಿಲ್ಲದ ಸರಕೂ ಸೇರುತ್ತದೆ. ಒಂದೇ ಪ್ಯಾನ್ ಅಂಕಿತದಲ್ಲಿ ದೇಶದಲ್ಲೆಲ್ಲೇ ಇನ್ನೊಂದು ಅಂಗಡಿಯಿದ್ದರೆ ಅದರ ಮಾರಾಟವೂ ಸೇರುತ್ತದೆ.

ದೀಪಾವಳಿಯ ವೇಳೆಗೆ ಅವರು ಮಿತಿಯನ್ನು ದಾಟಿದ್ದರು. ತಿಳಿದುದು ಮಾರ್ಚಿಯಲ್ಲಿ, ಲೆಕ್ಕ ಬರೆಯುವವನು ಬಂದಾಗ. ದಾಟಿದ 30 ದಿನಗಳೊಳಗೆ ಅರ್ಜಿ ಹಾಕಬೇಕೆಂದು ಕಾನೂನು. ಹಾಗೆ ಹಾಕಿದ್ದರೆ ದಾಟಿದ ದಿನದಿಂದಲೇ ನೋಂದಣಿ ಸಿಕ್ಕುತ್ತಿತ್ತು. ಮುಂದೆ ಮಾರಲೆಂದು ಅಂಗಡಿಯಲ್ಲಿಟ್ಟಿದ್ದ ಸರಕಿನ ಮೇಲೆ ಕೊಂಡಾಗ ಕೊಟ್ಟ ತೆರಿಗೆಯನ್ನು ನಿಯಮದಂತೆ ವಜಾ ಹಿಡಿಯುವ ದಾರಿಯೂ ಇರುತ್ತಿತ್ತು. ತಡವಾದುದರಿಂದ ಎರಡೂ ತಪ್ಪಿದವು. ನಡುವಣ ತಿಂಗಳುಗಳ ತೆರಿಗೆ ಮಾತ್ರ ತಪ್ಪಲಿಲ್ಲ. ಅದನ್ನು ಯಾರಿಂದ ವಸೂಲು ಮಾಡುವುದು? ಬನ್ಸ್ ತಿಂದು ಕೈ ತೊಳೆದು ಹೋದವನನ್ನು ಹುಡುಕಿ ಹಿಡಿಯುವುದುಂಟೇ? ಎಲ್ಲವೂ ಸ್ವಂತ ಕೈಯಿಂದ ಹೋಯಿತು. ಮಗಳ ಕಾಲೇಜಿಗೆಂದು ಇಟ್ಟಿದ್ದ ಹಣವದು.

ಹಾಗಾದರೆ ಮೊದಲ ದಿನವೇ ನೋಂದಿಸಿಬಿಡುವುದು ಮೇಲಲ್ಲವೇ ಎಂದು ಕೇಳಬಹುದು. ಮಿತಿಗೆ ಮೊದಲೇ ಸ್ವಇಚ್ಛೆಯಿಂದ ನೋಂದಿಸಲು ಅವಕಾಶವಿದೆ. ಕೊಳ್ಳುವವರು ದೊಡ್ಡ ವರ್ತಕರಾದರೆ ಅವರಿಗೆ ತೆರಿಗೆಯ ಬಿಲ್ಲು ಬೇಕು, ಆಗ ಅದೇ ಸರಿ. ಗಿರಾಕಿಗಳೆಲ್ಲ ನೆರೆಕರೆಯ ಗೃಹಸ್ಥರೇ ಆದರೆ ಅವಸರ ಬೇಡವೆಂದು ನಮ್ಮ ಅಭಿಪ್ರಾಯ. ಸೊನ್ನೆಯ ವ್ಯಾಪಾರಕ್ಕೂ ಲೆಕ್ಕಪತ್ರ ಸಲ್ಲಿಸುತ್ತಿರಬೇಕಾಗುತ್ತದೆ. ಬೆಳಗಾವಿಯ ಅಂಗಡಿಗೆ ಸರಕು ಮಾರಿ ಕಳುಹಿಸುವ ಯೋಚನೆಯಿದ್ದರೆ ಮಾತ್ರ ಮಿತಿಯ ಮಾತೇ ಇಲ್ಲ. ತೆರಿಗೆಯ ಸರಕು ರಾಜ್ಯದ ಗಡಿ ದಾಟುವ ಮೊದಲೇ, ಸಾಮಾನ್ಯವಾಗಿ, ನೋಂದಣಿಯಾಗಬೇಕು. 1956ರಿಂದ ಬಂದ ಆ ಕಟ್ಟು ಇನ್ನೂ ಸಡಿಲಿಲ್ಲ. ಇನ್ನೊಂದು ಎಚ್ಚರಿಕೆ: ನೋಂದಿಸದವನು ಬಿಲ್ಲಿನಲ್ಲಿ ತೆರಿಗೆಯೆಂದು ಒಂದು ಪೈಸೆಯನ್ನೂ ಸೇರಿಸಕೂಡದು. ಸಲ್ಲದ ತೆರಿಗೆಯನ್ನು ವಸೂಲು ಮಾಡಿದರೆ ಆ ಹಣವನ್ನು ಸರಕಾರ ಮುಟ್ಟುಗೋಲು ಹಾಕಿಕೊಳ್ಳಬಹುದೆಂದು ಮುಂಬಯಿ ಕಾನೂನಿನ ಮೇಲೆಯೇ 1977ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ್ದುಂಟು.

ಆ ಹಿರಿಯರ ಭಾವಮೈದುನನು ಡೊಂಬಿವಲಿಯಲ್ಲಿ ಹೊಸದಾಗಿ ಅಂಗಡಿ ತೆರೆದಾಗ ನಾವೂ ಪೂಜೆಗೆ ಹೋಗಿದ್ದೆವು. ಎಲ್ಲರೂ ತೆಂಗಿನಕಾಯಿ, ಲಕ್ಷ್ಮಿಯ ಪಟ ತಂದಿದ್ದರು. ಇವರು ತಂದುದು ಗೆರೆ ಹಾಕಿದ ಒಂದು ತೆಳ್ಳನೆಯ ಪುಸ್ತಕ. ಮೊದಲ ಪುಟದಲ್ಲಿ ತಮ್ಮ ಕೈಯಿಂದಲೇ ಬರೆದಿದ್ದರು: "ಏಪ್ರಿಲ್ 1ರಿಂದ ಇಂದಿನವರೆಗೆ, ಕಾಯಿ, ಹಪ್ಪಳ ಸಹಿತ." ಕೆಳಗಿನ ಗೆರೆಗಳನ್ನು ಖಾಲಿ ಬಿಟ್ಟಿದ್ದರು.