ಪದ ಪರಿಚಯ: ಏಡಿಗಂತಿ

'ಏಡಿ'ಗೆ 'ಗಂತಿ', ಎಂದರೆ ಗಡ್ಡೆ, ಸೇರಿ ಆದ ಈ ಸಮಾಸವು ಕ್ಯಾನ್ಸರ್ ವ್ಯಾಧಿಯ ಕನ್ನಡ ಹೆಸರು. ಗಡ್ಡೆಯ ಸುತ್ತ ಉಬ್ಬಿ ಹರಡಿದ ರಕ್ತನಾಳಗಳಲ್ಲಿ ಏಡಿಯ ಕಾಲುಗಳನ್ನು ಕಂಡ ಗ್ರೀಕ್ ವೈದ್ಯರು ಅದನ್ನು 'ಕಾರ್ಕಿನೋಸ್' ಎಂದು ಕರೆಯಲು, ಲ್ಯಾಟಿನ್ನಿನ 'ಕ್ಯಾನ್ಸರ್' ಅದೇ ಅರ್ಥವನ್ನು ಮುಂದುವರಿಸಿತು. ಸುಶ್ರುತನ 'ಅರ್ಬುದ' ನಮ್ಮಲ್ಲಿ ಮೊದಲೇ ಇದ್ದಿತಾದರೂ, ಹತ್ತು ಕೋಟಿಯೆಂಬ ಸಂಖ್ಯಾರ್ಥವೂ ಅದಕ್ಕಿರುವುದರಿಂದ, ಏಡಿಗಂತಿಯೇ ನನಗೆ ಹೆಚ್ಚು ರುಚಿಸುತ್ತದೆ. ಕೊಡಗಿನವರಿಗಂತೂ ಏಡಿ ಅಪರಿಚಿತವಲ್ಲ: ಗದ್ದೆಯ ಬದುಗಳಲ್ಲಿ 'ಞಂಡ್' ಹಿಡಿಯುವ ಮಳೆಗಾಲದ ಕಕ್ಕಡ ಮಾಸದ ಹೆಸರೇ ಕರ್ಕಾಟಕದಿಂದ, ಎಂದರೆ ಏಡಿಯಿಂದ, ಬಂದುದು.

ಆದರೆ ಹೆಸರು ಹೇಳುವುದು ರೋಗದ ಬಹಿರಂಗವನ್ನಷ್ಟೆ. ಗರ್ಭಕಂಠದ ಏಡಿಗಂತಿಯಲ್ಲಿ, ನರಹುಲಿಯನ್ನುಂಟುಮಾಡುವ ವೈರಸ್ ಕುಲಕ್ಕೇ ಸೇರಿದ ಎಚ್‌ಪಿವಿ 16 ಅನ್ನು ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಮತ್ತು ಅವರ ಸಂಗಡಿಗರು 1983ರಲ್ಲಿ ಗುರುತಿಸಿದರು; 2008ರಲ್ಲಿ ಜುರ್ ಹೌಸೆನ್ ಅವರಿಗೆ ನೊಬೆಲ್ ಸಂದಿತು. ಈ ವೈರಸ್ ಜೀವಕೋಶದಲ್ಲಿ ನೆಲೆನಿಂತಾಗ ಇ6, ಇ7 ಎಂಬ ಪ್ರೋಟೀನುಗಳು ಹುಟ್ಟುತ್ತವೆ. ಕೋಶವಿಭಜನೆಯ ಜೀನುಗಳನ್ನು ಎಚ್ಚರಿಸುವ ಇ2ಎಫ್ ಅನ್ನು ಆರ್‌ಬಿ ಎಂಬ ಪ್ರೋಟೀನು ಹಿಡಿದಿಟ್ಟಿರಲು, ಇ7 ಬಂದು ಆರ್‌ಬಿಗೇ ಅಂಟಿಕೊಂಡು ಇ2ಎಫ್ ಅನ್ನು ಬಿಡಿಸುವುದರಿಂದ, ಅಕಾಲದಲ್ಲಿ ಡಿಎನ್‌ಎ ನಕಲಾಗತೊಡಗುತ್ತದೆ. ಇಂತಹ ಅನರ್ಥವನ್ನು ಕಂಡೊಡನೆ ತಡೆಯೊಡ್ಡುವ ಜೀನುಗಳನ್ನು ಚಾಲನೆಗೊಳಿಸಬೇಕಾದ ಪಿ53 ಅನ್ನೋ, ಇ6 ಕೋಶದ ಸ್ವಂತ ವಿಸರ್ಜನಾ ವ್ಯವಸ್ಥೆಗೇ ಒಪ್ಪಿಸಿ ನಾಶಗೊಳಿಸುತ್ತದೆ.

ಮಡಿಕೇರಿಯ ಆಸ್ಪತ್ರೆಯಿಂದ ದಿನಪತ್ರಿಕೆಗಳವರೆಗೆ ಇಂದು 'ಕ್ಯಾನ್ಸರ್' ಎಂಬುದೇ ರೂಢಿ. ಏಡಿಗಂತಿ ನಿಘಂಟುಗಳಲ್ಲಿಯೂ ವಿಜ್ಞಾನಲೇಖನಗಳಲ್ಲಿಯೂ ಉಳಿದಿದೆ.