ಫ್ಲಷ್ ಟ್ಯಾಂಕು ಸೋರದಿದ್ದ ಕಾಲ

ಫ್ಲಷ್ ಮಾಡಿ ಹೊರಬಂದು ಎಷ್ಟೋ ಹೊತ್ತಾದರೂ ಕಮೋಡಿನೊಳಗೆ ನೀರು ಸಣ್ಣಗೆ ಹರಿಯುತ್ತಲೇ ಇರುತ್ತದೆ. ಗುಂಡಿಯನ್ನು ಇನ್ನೊಮ್ಮೆ ಒತ್ತಿದರೆ ಕೆಲವೊಮ್ಮೆ ನಿಲ್ಲುತ್ತದೆ, ಕೆಲವೊಮ್ಮೆ ಇಲ್ಲ. ಇಂದು ಮನೆಮನೆಯ ಕಿರಿಕಿರಿಯಾಗಿರುವ ಈ ಸೋರಿಕೆಯನ್ನು ಬ್ರಿಟನ್ ಒಮ್ಮೆ ಗೆದ್ದಿತ್ತು. ಆಮೇಲೆ ನೀರು ಉಳಿಸಲು ಹೋಗಿ ತಾನೇ ಮತ್ತೆ ಬರಮಾಡಿಕೊಂಡಿತು!

19ನೇ ಶತಮಾನದ ಲಂಡನ್ನಿಗೆ ನೀರು ಪೂರೈಸುತ್ತಿದ್ದುದು ಖಾಸಗಿ ಕಂಪನಿಗಳು. ಶುಲ್ಕ ನಿಗದಿಯಾಗುತ್ತಿದ್ದುದು ಮನೆಯ ಮೌಲ್ಯದ ಮೇಲೆ, ಬಳಸಿದ ನೀರಿನ ಮೇಲಲ್ಲ. ಟ್ಯಾಂಕಿನ ತಳದ ತೂತಿಗೆ ಒಂದು ಬಿರಡೆಯಂಥ ವಾಲ್ವ್ ಇರುತ್ತಿತ್ತು. ಅದು ಸವೆದು ಹಗಲಿರುಳು ನೀರು ಹೋದರೂ ಮನೆಯವರ ಜೇಬಿಗೆ ಕತ್ತರಿ ಬೀಳುತ್ತಿರಲಿಲ್ಲ. ಕಂಪನಿಗಳಿಗೆ ಮಾತ್ರ ಅದು ತಲೆನೋವು. 1871ರ ಮೆಟ್ರೊಪೊಲಿಸ್ ವಾಟರ್ ಕಾಯಿದೆಯಡಿ ಬಂದ ನಿಯಮಗಳು, ಹೊಸ ಶೌಚಾಲಯದ ಟ್ಯಾಂಕಿಗೆ ನೀರು ಪೋಲಾಗದಂಥ ಸಾಧನ ಇರಲೇಬೇಕು, ಒಂದು ಸಲಕ್ಕೆ 2 ಗ್ಯಾಲನ್, ಅಂದರೆ ಸುಮಾರು 9 ಲೀಟರಿಗಿಂತ ಹೆಚ್ಚು ಹೋಗಕೂಡದು ಎಂದು ವಿಧಿಸಿದವು.

ಇದಕ್ಕೆ ಸಿಕ್ಕ ಉತ್ತರವೇ ಸೈಫನ್. ಟ್ಯಾಂಕಿನೊಳಗೆ ತಲೆಕೆಳಗಾದ 'ಯು' ಆಕಾರದ ಕೊಳವೆ. ಅದರ ಬಾಗು ನೀರಿನ ಮಟ್ಟಕ್ಕಿಂತ ಮೇಲೆ. ಸರಪಳಿ ಎಳೆದಾಗ ಒಂದಿಷ್ಟು ನೀರು ಬಾಗನ್ನು ದಾಟುತ್ತದೆ, ಉಳಿದದ್ದು ಅದನ್ನು ಹಿಂಬಾಲಿಸುತ್ತದೆ. ನೀರು ಇಳಿದು ಕೊಳವೆಯ ಬಾಯಿಗೆ ಗಾಳಿ ಹೊಕ್ಕೊಡನೆ ಹರಿವು ನಿಲ್ಲುತ್ತದೆ. ನೀರಿನಡಿಯಲ್ಲಿ ಮುಚ್ಚಬೇಕಾದ ತೂತೇ ಇಲ್ಲದ ಮೇಲೆ ಸೋರುವುದೆಲ್ಲಿಂದ?

ಇದನ್ನು ಕಂಡುಹಿಡಿದವನು ಲಂಡನ್ನಿನ ಥಾಮಸ್ ಕ್ರಾಪರ್ ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಕ್ರಾಪರ್ (1836–1910) ಒಳ್ಳೆಯ ವ್ಯಾಪಾರಿ, ನಿಜ. ಆದರೆ ಅವನು ಮಾರುತ್ತಿದ್ದ, ಸದ್ದಿಲ್ಲದ ವಾಲ್ವ್‌ರಹಿತ ಟ್ಯಾಂಕಿನ 1898ರ ಪೇಟೆಂಟ್ ಇದ್ದುದು ಆಲ್ಬರ್ಟ್ ಗಿಬ್ಲಿನ್ ಎಂಬಾತನ ಹೆಸರಿನಲ್ಲಿ. ಪಾಪ, ಗಿಬ್ಲಿನ್‌ನ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ.

ಬ್ರಿಟನ್ನಿನಲ್ಲಿ ಸೈಫನ್ ದಶಕಗಳ ಕಾಲ ಕಡ್ಡಾಯವಾಗಿಯೇ ಉಳಿಯಿತು. ಅದಕ್ಕೆ ಇನ್ನೊಂದು ಜಾಣತನವೂ ಜೊತೆಗೂಡಿತ್ತು. ನೀರು ತುಂಬಿಸುವ ಬಾಲ್ ವಾಲ್ವ್ ಕೆಟ್ಟರೆ ಹೆಚ್ಚಾದ ನೀರು ಗೋಡೆಯಾಚೆ ಚಾಚಿದ ಕೊಳವೆಯಿಂದ ತೊಟ್ಟಿಕ್ಕುತ್ತಿತ್ತು. ದಾರಿಹೋಕರಿಗೂ ಕಾಣುವ ಸೋರಿಕೆಯನ್ನು ಎಷ್ಟು ದಿನ ಹಾಗೇ ಬಿಡಲಾದೀತು?

1999ರ ನಿಯಮಗಳು ಇದನ್ನೆಲ್ಲ ಬದಲಿಸಿದವು. 2001ರಿಂದ ಹೊಸ ಶೌಚಾಲಯಗಳಿಗೆ 6 ಲೀಟರ್ ಮಿತಿ ಬಂತು. ಜೊತೆಗೆ ತಳದ ವಾಲ್ವಿಗೂ, ಎರಡು ಗುಂಡಿಯ ಫ್ಲಷ್‌ಗೂ ಅನುಮತಿ ದೊರೆಯಿತು. ಹೆಚ್ಚುವರಿ ನೀರನ್ನು ಒಳಗೊಳಗೇ ಕಮೋಡಿಗೆ ಬಿಡುವುದೂ ಸಮ್ಮತವಾಯಿತು. ಫಲಿತಾಂಶ? ಬ್ರಿಟನ್ನಿನ ಶೌಚಾಲಯಗಳಿಂದ ದಿನಕ್ಕೆ 40 ಕೋಟಿ ಲೀಟರ್ ನೀರು ಸೋರಿಹೋಗುತ್ತಿದೆ ಎಂಬ ಅಂದಾಜು 2020ರಲ್ಲಿ ಹೊರಬಿತ್ತು. ಎರಡು ಗುಂಡಿಯಿಂದ ಉಳಿದದ್ದಕ್ಕಿಂತ ಪೋಲಾದದ್ದೇ ಹೆಚ್ಚು ಎಂದು ನೀರಿನ ಕಂಪನಿಗಳೇ ಹೇಳಬೇಕಾಯಿತು.

ನಮ್ಮ ಹಳೆಯ ಬಂಗಲೆ, ರೈಲ್ವೆ ಕ್ವಾರ್ಟರ್ಸ್‌ಗಳಲ್ಲಿ ಎತ್ತರಕ್ಕೆ ಕೂರಿಸಿದ್ದ ಎರಕದ ಕಬ್ಬಿಣದ ಟ್ಯಾಂಕುಗಳೂ ಸೈಫನ್ ಕುಲದವೇ. ಒಳಗಿನ ಗಂಟೆಯಾಕಾರದ ಕಬ್ಬಿಣ ಎದ್ದು ಬೀಳುವ ಸದ್ದಿಗೆ ಮನೆಯೆಲ್ಲ ಎಚ್ಚರಾಗುತ್ತಿತ್ತು. ಈಗಿನ ಪ್ಲಾಸ್ಟಿಕ್ ಟ್ಯಾಂಕುಗಳಲ್ಲಿ ಇರುವುದು ವಾಲ್ವು, ಅದರಡಿ ರಬ್ಬರ್ ವಾಷರ್. ಬೋರ್‌ವೆಲ್ಲಿನ ಗಡಸು ನೀರಾದರೆ ವಾಷರಿನ ಮೇಲೆ ಸುಣ್ಣ ಕಟ್ಟಿ ಅದು ಸರಿಯಾಗಿ ಕೂರುವುದಿಲ್ಲ.

ಪ್ಲಂಬರ್‌ನನ್ನು ಕರೆಯುವ ಮೊದಲು ಮುಚ್ಚಳ ತೆಗೆದು ನೋಡಬಹುದು. ಒಳಗೆ ನಿಂತ ಕೊಳವೆಯ ಬಾಯಿಯವರೆಗೂ ನೀರು ಬಂದು ಒಳಗಿಳಿಯುತ್ತಿದ್ದರೆ ತಪ್ಪು ಬಾಲ್ ವಾಲ್ವಿನದು. ತೇಲುವ ಭಾಗವನ್ನು ಸ್ವಲ್ಪ ತಗ್ಗಿಸಿದರೆ ಸಾಕಾಗಬಹುದು. ಮಟ್ಟ ಅದಕ್ಕಿಂತ ಕೆಳಗಿದ್ದರೆ ಟ್ಯಾಂಕಿಗೆ ಒಂದಿಷ್ಟು ಅಡುಗೆ ಬಣ್ಣ ಹಾಕಿ, ಅರ್ಧ ಗಂಟೆ ಯಾರೂ ಫ್ಲಷ್ ಮಾಡದಂತೆ ನೋಡಿಕೊಳ್ಳಬೇಕು. ಕಮೋಡಿನ ನೀರಿಗೆ ಬಣ್ಣ ಇಳಿದಿದ್ದರೆ ವಾಷರ್ ತೊಳೆಯುವ, ಇಲ್ಲವೇ ಬದಲಿಸುವ ಕಾಲ ಬಂದಿದೆ.