ರೈನ್ ನದಿಯ ಎರಡು ದಡಗಳಲ್ಲಿ ಭೂವಿವರಣೆಯ ಪಾಠ

ಒಂದು ದೇಶದ ನದೀಪರ್ವತಗಳನ್ನು ವಿದ್ಯಾರ್ಥಿಗಳಿಗೆ ಹೇಳಿಕೊಡುವುದು ಕಷ್ಟವಲ್ಲ. ನೆರೆಹೊರೆಯ ಎರಡು ದೇಶಗಳು ಒಂದೇ ನದಿಯನ್ನು ತಂತಮ್ಮ ಪಾಠಶಾಲೆಗಳಲ್ಲಿ ಬೋಧಿಸತೊಡಗಿದಾಗ ತೊಡಕು ಹುಟ್ಟುವುದು. ಫ್ರಾನ್ಸು ಜರ್ಮನಿಗಳ ನಡುವಣ ಆಲ್ಸೇಸ್ ಪ್ರಾಂತ್ಯವು ಇದಕ್ಕೆ ತಕ್ಕ ನಿದರ್ಶನ.

ಈ ಪ್ರಾಂತ್ಯದ ಪಶ್ಚಿಮಕ್ಕೆ ವೋಜ್ ಪರ್ವತಶ್ರೇಣಿಯೂ ಪೂರ್ವಕ್ಕೆ ರೈನ್ ನದಿಯೂ ಇರುವುವು. ನದಿಯನ್ನು ದಾಟಿದ ಮೇಲೆಯೂ ಬಯಲು ಮುಂದುವರಿದು ಬ್ಲ್ಯಾಕ್ ಫಾರೆಸ್ಟ್ ಎಂಬ ಬೆಟ್ಟಗಳ ಬುಡದಲ್ಲಿ ಕೊನೆಗಾಣುವುದು. ಇಷ್ಟು ನಿರ್ವಿವಾದ. ಆದರೆ 1793ನೆಯ ಜನವರಿ 31ರಂದು ಡಾಂಟನನು ಫ್ರೆಂಚ್ ರಾಷ್ಟ್ರಸಭೆಯಲ್ಲಿ, ರೈನ್ ನದಿ, ಸಮುದ್ರ, ಆಲ್ಪ್ಸ್ ಪರ್ವತಗಳು ತನ್ನ ದೇಶಕ್ಕೆ ಪ್ರಕೃತಿಯೇ ವಿಧಿಸಿದ ಮೇರೆಗಳೆಂದು ಸಾರಿದನು. ಇಪ್ಪತ್ತು ವರ್ಷಗಳ ತರುವಾಯ, 1813ರಲ್ಲಿ, ಆರ್ನ್ಟ್ ಎಂಬ ಜರ್ಮನ್ ಲೇಖಕನು, ರೈನ್ ಜರ್ಮನಿಯ ನದಿಯೇ ಹೊರತು ಗಡಿಯಲ್ಲವೆಂಬ ಅರ್ಥ ಬರುವ ಹೆಸರನ್ನಿಟ್ಟೇ ಒಂದು ಪುಸ್ತಿಕೆಯನ್ನು ಬರೆದನು. ಒಬ್ಬನಿಗೆ ಅದು ಕೋಟೆಯ ಅಗಳು, ಮತ್ತೊಬ್ಬನಿಗೆ ಹಿತ್ತಿಲ ಕಾಲುವೆ. ಭೂಶಾಸ್ತ್ರಜ್ಞರಾದರೋ, ವೋಜ್ ಮತ್ತು ಬ್ಲ್ಯಾಕ್ ಫಾರೆಸ್ಟುಗಳು ನಡುವಣ ನೆಲ ಕುಸಿದುದರಿಂದ ಇಬ್ಭಾಗವಾದ ಒಂದೇ ಉನ್ನತಭೂಮಿಯೆಂದು ನಿರ್ಣಯಿಸಿರುವರು. ಇದು ಜರ್ಮನರ ಪಕ್ಷಕ್ಕೆ ಅನುಕೂಲವೆಂದು ತೋರಬಹುದು. ಆದರೆ ನೆಲದ ರಚನೆಯಿಂದ ಜನರ ನಿಷ್ಠೆಯನ್ನು ಅನುಮಾನಿಸುವುದು ಹೇತ್ವಾಭಾಸವೇ ಸರಿ. ಭಾರತೀಯ ಪುರಾಣಗಳ ಭುವನಕೋಶದಲ್ಲಿ ನದಿಗಳನ್ನು ಅವು ಹುಟ್ಟುವ ಕುಲಪರ್ವತಗಳಿಗೆ ಸೇರಿಸಿ ಎಣಿಸಿರುವರಷ್ಟೆ. ಆ ಕ್ರಮದಲ್ಲಿ ಎಣಿಸಿದರೆ ರೈನ್ ನದಿಯು ಆಲ್ಪ್ಸಿನದಾಗುವುದಲ್ಲದೆ ಇವರಿಬ್ಬರಲ್ಲಿ ಯಾರದೂ ಆಗದು.

1871ನೆಯ ಮೇ 10ರ ಫ್ರಾಂಕ್‌ಫರ್ಟ್ ಒಪ್ಪಂದದಿಂದ ಬೆಲ್ಫೋರ್ ಹೊರತಾದ ಆಲ್ಸೇಸೂ ಲೊರೇನಿನ ಒಂದು ಭಾಗವೂ ಜರ್ಮನಿಯ ವಶವಾದುವು. ಸೋಲಿಗೆ ಭೂವಿವರಣೆಯ ಅಜ್ಞಾನವೂ ಒಂದು ಕಾರಣವೆಂದು ಫ್ರೆಂಚರು ಬಗೆದರು. ಅದೇ ವರ್ಷ ವಿದ್ಯಾಮಂತ್ರಿ ಝೂಲ್ ಸಿಮೋನನು ಆ ಪಾಠದ ಸ್ಥಿತಿಯನ್ನು ಪರೀಕ್ಷಿಸಲು ಲವಸ್ಸೂರ್, ಹಿಮ್ಲಿ ಎಂಬಿಬ್ಬರು ವಿದ್ವಾಂಸರನ್ನು ನಿಯಮಿಸಿದನು. ಇವರಲ್ಲಿ ಹಿಮ್ಲಿಯು ಕೈಬಿಟ್ಟುಹೋದ ಸ್ಟ್ರಾಸ್‌ಬುರ್ಗ್ ನಗರದಲ್ಲಿಯೇ ಹುಟ್ಟಿದವನು. 1877ರಲ್ಲಿ ಜಿ. ಬ್ರೂನೋ ಎಂಬ ಗುಪ್ತನಾಮದಿಂದ ಓಗುಸ್ತೀನ್ ಫುಯೇ ಎಂಬಾಕೆ ಪ್ರಕಟಿಸಿದ ವಾಚನಪುಸ್ತಕದಲ್ಲಿ, ಲೊರೇನಿನ ಫಾಲ್ಸ್‌ಬುರ್ಗಿನಿಂದ ಹೊರಟ ಇಬ್ಬರು ಅನಾಥ ಬಾಲಕರು ಫ್ರಾನ್ಸನ್ನು ಸುತ್ತುತ್ತ ಪ್ರಾಂತ್ಯಪ್ರಾಂತ್ಯದ ಬೆಟ್ಟ, ಹೊಳೆ, ಬೆಳೆ, ಕಸುಬುಗಳನ್ನು ಕಲಿಯುವರು. ಹತ್ತು ವರ್ಷಗಳಲ್ಲಿ ಇದರ ಮೂವತ್ತು ಲಕ್ಷ ಪ್ರತಿಗಳು ಹೊರಬಿದ್ದುವು. ಪ್ರತೀಕಾರದ ಮಾತು ಇದರಲ್ಲಿ ವಿರಳ. ಹುಡುಗರು ಬಿಟ್ಟುಬಂದ ಊರೇ ಆ ಮಾತನ್ನು ಆಡುತ್ತದೆ. ಮೆಟ್ಸ್ ನಗರದಲ್ಲಿ ಜನಿಸಿದ ಬೆತಾನಿಯೇ ಎಂಬ ಚಿತ್ರಕಾರನು 1887ರಲ್ಲಿ ಮರೆಯಿಲ್ಲದೆ ಅದನ್ನು ಬರೆದು ತೋರಿಸಿದನು: ಉಪಾಧ್ಯಾಯನು ಭೂಪಟದಲ್ಲಿ ಕಪ್ಪಾಗಿರುವ ಆ ಪ್ರಾಂತ್ಯಗಳತ್ತ ಕೋಲು ಚಾಚಿರುವನು, ಶಿಷ್ಯನು ನೋಡುತ್ತಿರುವನು. ಆ ಚಿತ್ರವು ಈಗ ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿದೆ.

ಇಲ್ಲಿ ಒಂದು ಮಾತು. ಭಾರತದ ವಿದ್ಯಾರ್ಥಿಗಳೂ ಇಂಗ್ಲಿಷ್ ಪಾಠವಾಗಿ ಓದುವ, ದೋದೆಯ ‘ಕಡೆಯ ಪಾಠ’ವೆಂಬ ಕಥೆಯಲ್ಲಿ ಆಲ್ಸೇಸಿನ ಬಾಲಕನು ಫ್ರೆಂಚ್ ಪಾಠಗಳು ನಿಂತುಹೋದುದಕ್ಕೆ ಮರುಗುವನು. ಆದರೆ ಆ ಕಾಲದ ಆಲ್ಸೇಸಿನ ಬಹುಜನರ ಮನೆಮಾತು ಜರ್ಮನ್ ವರ್ಗಕ್ಕೆ ಸೇರಿದ ಒಂದು ಪ್ರಾಂತಭಾಷೆ. ಕಥೆ ಇದನ್ನು ಹೇಳದು, ಹೇಳಬೇಕಾದವರು ಬೋಧಕರು.

1870ರಲ್ಲಿ ಸ್ಟ್ರಾಸ್‌ಬುರ್ಗಿನಲ್ಲಿ ಹುಟ್ಟಿ ಎಪ್ಪತ್ತೈದು ವರ್ಷ ಬಾಳಿದವನಿಗೆ, 1871, 1918, 1940, 1944ರಲ್ಲಿ ಹೀಗೆ ನಾಲ್ಕು ಸಲ, ಮನೆ ಬಿಡದೆಯೇ ದೇಶ ಬದಲಾಯಿತು. ಆ ಮನೆಯ ಮಗನೂ ಮೊಮ್ಮಗನೂ ಒಂದೇ ನದಿಯನ್ನು ಬೇರೆ ಬೇರೆ ಪಟಗಳಲ್ಲಿ ಕಲಿತಿರಬೇಕು.

ಎರಡನೆಯ ಮಹಾಯುದ್ಧದ ಬಳಿಕ ಗೇಯೋರ್ಗ್ ಎಕರ್ಟನು ಬ್ರೌನ್‌ಷ್ವೈಗ್ ನಗರದಲ್ಲಿ ಪಾಠಪುಸ್ತಕಗಳ ಶೋಧನೆಗಾಗಿ ಒಂದು ಸಂಸ್ಥೆಯನ್ನು ಸ್ಥಾಪಿಸಿದನು. 1951ರಲ್ಲಿ ಉಭಯದೇಶಗಳ ಚರಿತ್ರಕಾರರು ವಿವಾದಾಂಶಗಳನ್ನು ಕುರಿತು ಒಮ್ಮತದ ಹೇಳಿಕೆಗಳನ್ನು ಬರೆದರು. 2003ರಲ್ಲಿ ಬರ್ಲಿನ್ನಿನಲ್ಲಿ ಸೇರಿದ ಉಭಯದೇಶಗಳ ತರುಣರು ಎರಡು ಕಡೆಗೂ ಒಂದೇ ಚರಿತ್ರೆಯ ಪುಸ್ತಕವಿರಲೆಂದು ಕೇಳಿದರು. ಅದು ಎರಡೂ ಭಾಷೆಗಳಲ್ಲಿ ಸಿದ್ಧವಾಯಿತು. ಸಂಪುಟಗಳು ಬಂದ ಕ್ರಮ ಗಮನಾರ್ಹ: 1945ರಿಂದೀಚಿನ ಕಾಲವು ಮೊದಲು, 2006ರಲ್ಲಿ, ಆಲ್ಸೇಸಿನ ಕಲಹವನ್ನೊಳಗೊಂಡ 1815ರಿಂದ 1945ರ ವರೆಗಿನ ಸಂಪುಟವು 2008ರಲ್ಲಿ, ಪ್ರಾಚೀನಕಾಲದಿಂದ ಹಿಡಿದು 1815ರ ವರೆಗಿನದು ಎಲ್ಲಕ್ಕೂ ಕಡೆಗೆ, 2011ರಲ್ಲಿ.